ಮರಣದ ಗಳಿಗೆಗೆ ಮೊದಲೇ ಲೆಕ್ಕ ಒಪ್ಪಿಸಿದ ಸಂತ ಜೋಸೆಫ್ ವಾಜ್



ಮರಣ, ನ್ಯಾಯತೀರ್ಪು, ಸ್ವರ್ಗ, ನರಕ. ಈ ನಾಲ್ಕು ಅಂತಿಮ ಸಂಗತಿಗಳನ್ನು ನಮ್ಮ ಹಿರಿಯರು ಚಿಕ್ಕಂದಿನಲ್ಲೇ ಜ್ಞಾನೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡುತ್ತಿದ್ದರು. ಇಂದು ನಾವು ಇವುಗಳ ಬಗ್ಗೆ ಮಾತನಾಡುವುದೇ ಅಪರೂಪ. ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಮನೆಗೆ ಬಂದರೆ ಮತ್ತೆ ಒಂದು ವರ್ಷ ಆ ವಿಚಾರ ನಮ್ಮ ಬಳಿ ಸುಳಿಯುವುದಿಲ್ಲ. ಪಾಪನಿವೇದನೆ, ಮುರಿದುಹೋದ ಸಂಬಂಧಗಳ ದುರಸ್ತಿ, ಬಡವರಿಗೆ ಕೊಡಬೇಕಾದ ಪಾಲು ಎಲ್ಲವನ್ನೂ ಮುಂದೊಂದು ದಿನಕ್ಕೆ ತಳ್ಳುತ್ತೇವೆ. ಹೀಗೆ ಏನನ್ನೂ ಮುಂದಕ್ಕೆ ತಳ್ಳದೆ ಬಾಳಿದ ಒಬ್ಬ ಸಂತರು ನಮ್ಮ ಕರಾವಳಿಯ ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆದಿದ್ದಾರೆ. ಅವರೇ ಸಂತ ಜೋಸೆಫ್ ವಾಜ್.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬೆನಾವ್ಲಿಮ್ ಗ್ರಾಮದಲ್ಲಿ. ತಂದೆ ಕ್ರಿಸ್ಟೊವಾವ್ ವಾಜ್, ತಾಯಿ ಮರಿಯ ದೆ ಮಿರಾಂದ. 1676ರಲ್ಲಿ ಗುರುದೀಕ್ಷೆ ಪಡೆದರು. ಅಂದಿನಿಂದ ಬಡವರಂತೆ ಬರಿಗಾಲಲ್ಲಿ ನಡೆಯಲು ಆರಂಭಿಸಿದರು. 1677ರಲ್ಲಿ ತಮ್ಮನ್ನು ಮಾತೆ ಮರಿಯಳ ದಾಸನೆಂದು ಪತ್ರ ಬರೆದು ಅರ್ಪಿಸಿಕೊಂಡರು. ಆಗ ಅವರ ವಯಸ್ಸು ಕೇವಲ 26. ತಮ್ಮದೆಂಬುದನ್ನು ಬಿಟ್ಟುಕೊಡಲು ಅವರು ಮುಪ್ಪಿಗಾಗಿ ಕಾಯಲಿಲ್ಲ.

1681ರಲ್ಲಿ ಗೋವಾದ ಧರ್ಮಸಭೆಯ ಅಧಿಕಾರಿಗಳು ಅವರನ್ನು ಕೆನರಾ ಪ್ರಾಂತ್ಯಕ್ಕೆ ಕಳುಹಿಸಿದರು. ಅದು ಕೆಳದಿಯ ರಾಣಿ ಚೆನ್ನಮ್ಮಳ ಆಳ್ವಿಕೆಯ ಕಾಲ. ಇಲ್ಲಿನ ಕ್ರೈಸ್ತರ ಸ್ಥಿತಿ ಚಿಂತಾಜನಕವಾಗಿತ್ತು. ಗುರುಗಳ ಕೊರತೆ ಒಂದು ಕಡೆ. ಗೋವಾದಿಂದ ಬಂದವರಿಗೆ ಅಧಿಕಾರವೋ, ರೋಮ್ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರಿಗೆ ಅಧಿಕಾರವೋ ಎಂಬ ಜಗಳ ಇನ್ನೊಂದು ಕಡೆ. ಯಾರ ಕೈಯಿಂದ ಪಡೆದ ಸಂಸ್ಕಾರ ಸಿಂಧು ಎಂದು ತಿಳಿಯದೆ ಭಕ್ತರು ಕಳವಳಗೊಂಡಿದ್ದರು. ತಮ್ಮ ಆತ್ಮದ ಗತಿಯೇನು ಎಂಬ ಭಯ ಅವರದು. ವಾಜ್ ಸ್ವಾಮಿಗಳು ಈ ಜಗಳಕ್ಕೆ ಎಣ್ಣೆ ಸುರಿಯಲಿಲ್ಲ. ಶಾಂತಿಗಾಗಿ ಶ್ರಮಿಸಿದರು. ಹಳ್ಳಿ ಹಳ್ಳಿ ಸುತ್ತಿ ಪಾಪನಿವೇದನೆ ಕೇಳಿದರು, ಮಕ್ಕಳಿಗೆ ಧರ್ಮೋಪದೇಶ ಕಲಿಸಿದರು, ಪಾಳುಬಿದ್ದ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು. ಮಂಗಳೂರು, ಬಸ್ರೂರು, ಗಂಗೊಳ್ಳಿ ಮುಂತಾದ ಕಡೆಗಳಲ್ಲಿ ಅವರ ಹೆಸರು ಇಂದಿಗೂ ಭಕ್ತಿಯಿಂದ ಉಳಿದಿದೆ.

ಮಂಗಳೂರಿನ ಸಮೀಪದ ಮುಡಿಪು ಗುಡ್ಡದ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ರೋಗಿಯೊಬ್ಬರು ಸಾಯುವ ಸ್ಥಿತಿಯಲ್ಲಿದ್ದಾರೆ ಎಂದು ರಾತ್ರಿ ಹೊತ್ತು ಅವರಿಗೆ ಸುಳ್ಳು ಕರೆ ಬಂತಂತೆ. ಕರೆದವರ ಉದ್ದೇಶ ಕೊಲ್ಲುವುದು. ವಾಜ್ ಸ್ವಾಮಿಗಳು ಹೊರಟೇಬಿಟ್ಟರು. ಗುಡ್ಡದ ಮೇಲೆ ಅವರು ಮೊಣಕಾಲೂರಿ ಪ್ರಾರ್ಥಿಸಿದ ಜಾಗದಲ್ಲಿ ನೀರಿನ ಬುಗ್ಗೆ ಚಿಮ್ಮಿತು ಎಂಬುದು ಭಕ್ತರ ನಂಬಿಕೆ. ಆ ಬುಗ್ಗೆಯ ನೀರನ್ನು ನಾವು ಭಕ್ತಿಯಿಂದ ತರುತ್ತೇವೆ. ಆದರೆ ಆ ರಾತ್ರಿಯ ನಡಿಗೆಯನ್ನು ನೆನೆಯುವುದು ಕಡಿಮೆ. ಸಾಯುತ್ತಿರುವ ಒಬ್ಬರು ದೇವರ ಮುಂದೆ ಸಿದ್ಧರಿಲ್ಲದೆ ಹೋಗಬಾರದು ಎಂಬ ಒಂದೇ ಕಾರಣಕ್ಕೆ ಅವರು ಕತ್ತಲಲ್ಲಿ ಎದ್ದು ಹೋದರು.

1684ರಲ್ಲಿ ಗೋವಾಕ್ಕೆ ಮರಳಿ, ಮುಂದಿನ ವರ್ಷ ಒರೆಟರಿ ಗುರುಗಳ ಸಮೂಹವನ್ನು ಸೇರಿದರು. ಸಿಂಹಳ ದೇಶದ ಕ್ರೈಸ್ತರ ಕಷ್ಟ ಅವರ ಮನಸ್ಸನ್ನು ಕೊರೆಯುತ್ತಿತ್ತು. 1658ರಲ್ಲಿ ಜಾಫ್ನಾವನ್ನು ವಶಪಡಿಸಿಕೊಂಡ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಜನರು ಪಾಪಕ್ಷಮೆ ಇಲ್ಲದೆ, ಪರಮಪ್ರಸಾದವಿಲ್ಲದೆ ಸಾಯುತ್ತಿದ್ದರು. 1687ರಲ್ಲಿ ವಾಜ್ ಸ್ವಾಮಿಗಳು ಭಿಕ್ಷುಕನ ವೇಷದಲ್ಲಿ ಜಾಫ್ನಾ ತಲುಪಿದರು. ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋಗುತ್ತಿದ್ದರು. ಜಪಮಾಲೆಯನ್ನು ಕಂಡು ಯಾರ ಕಣ್ಣು ಅರಳಿತೋ ಅವರು ಕ್ರೈಸ್ತರು ಎಂದು ಗುರುತಿಸುತ್ತಿದ್ದರು. ರಾತ್ರಿ ಗುಟ್ಟಾಗಿ ಬಲಿಪೂಜೆ ನಡೆಯುತ್ತಿತ್ತು.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸ್ ಗೂಢಚಾರನೆಂದು ಅವರನ್ನು ಬಂಧಿಸಲಾಯಿತು. ಸೆರೆಯಲ್ಲಿದ್ದುಕೊಂಡೇ ಅವರು ಸ್ಥಳೀಯ ಭಾಷೆ ಕಲಿತರು. ಕ್ರಮೇಣ ಬೌದ್ಧ ಅರಸ ಎರಡನೇ ವಿಮಲಧರ್ಮಸೂರ್ಯನ ವಿಶ್ವಾಸ ಗಳಿಸಿದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ರೋಗಿಗಳನ್ನು ಮನೆಯವರೇ ಕಾಡಿಗೆ ಬಿಟ್ಟುಬಂದ ಕಾಲವದು. ವಾಜ್ ಸ್ವಾಮಿಗಳು ಸೋದರಳಿಯ ಫಾದರ್ ಜೋಸೆಫ್ ಕರ್ವಾಲೊ ಅವರ ಜತೆಗೂಡಿ ಆ ರೋಗಿಗಳ ಹುಣ್ಣು ತೊಳೆದರು, ಊಟ ತಿನ್ನಿಸಿದರು, ಸತ್ತವರನ್ನು ಮಣ್ಣು ಮಾಡಿದರು. ಕ್ರೈಸ್ತರು, ಬೌದ್ಧರು ಎಂಬ ಭೇದ ಅಲ್ಲಿರಲಿಲ್ಲ. ಮುಂದೆ ಧರ್ಮಾಧ್ಯಕ್ಷ ಪದವಿ ಅರಸಿ ಬಂದಾಗ ಅದನ್ನು ಒಲ್ಲೆನೆಂದರು.

ಅಂತಿಮ ದಿನದಂದು ಪ್ರಭು ಯೇಸು ನಮ್ಮನ್ನು ಏನು ಕೇಳುತ್ತಾರೆ ಎಂಬುದನ್ನು ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯ ಸ್ಪಷ್ಟವಾಗಿ ತಿಳಿಸುತ್ತದೆ. ಹಸಿದವರು, ರೋಗಿಗಳು, ಸೆರೆಯಲ್ಲಿದ್ದವರು, ಪರದೇಶಿಗಳು. ಪ್ರಶ್ನೆಪತ್ರಿಕೆ ಮೊದಲೇ ನಮ್ಮ ಕೈಯಲ್ಲಿದೆ. ವಾಜ್ ಸ್ವಾಮಿಗಳು ಅದಕ್ಕೆ ಕ್ಯಾಂಡಿಯ ಕಾಡಿನಲ್ಲಿ, ಕೆನರಾದ ಹಳ್ಳಿಗಳಲ್ಲಿ ದಿನವೂ ಉತ್ತರ ಬರೆದರು. ಆದ್ದರಿಂದ ನ್ಯಾಯತೀರ್ಪು ಅವರಿಗೆ ಹೆದರಿಕೆಯ ಸಂಗತಿಯಾಗಲಿಲ್ಲ. ಜೀವಮಾನವಿಡೀ ಕಡೆಗಣಿಸಿದ್ದನ್ನು ಸಾಯುವ ಹೊತ್ತಿನಲ್ಲಿ ಮಾಡುವುದು ಸುಲಭವಲ್ಲ ಎಂಬುದೇ ಮರಣಶಯ್ಯೆಯಲ್ಲಿ ಅವರು ಸಂಗಡಿಗರಿಗೆ ಕೊಟ್ಟ ಬುದ್ಧಿಮಾತು. 1711ರ ಜನವರಿ 16ರಂದು, 59ನೇ ವಯಸ್ಸಿನಲ್ಲಿ, ಕ್ಯಾಂಡಿಯಲ್ಲಿ ಅವರು ಪ್ರಭುವಿನ ಪಾದ ಸೇರಿದರು.

1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪಾವ್ಲ್ ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು. ಆದರೆ ಅವರ ಸಮಾಧಿ ಎಲ್ಲಿದೆ ಎಂದು ಇಂದು ಯಾರಿಗೂ ಗೊತ್ತಿಲ್ಲ. ನಾವು ಸಮಾಧಿಗೆ ಗ್ರಾನೈಟ್ ಹಾಸಿ ಹೆಸರು ಕೆತ್ತಿಸುತ್ತೇವೆ. ಸಂತರಿಗೆ ಅದರ ಅಗತ್ಯ ಬೀಳಲಿಲ್ಲ.

ಕರಾವಳಿಯ ನಮ್ಮ ಎಷ್ಟೋ ಕುಟುಂಬಗಳು ಇಂದು ಕೆಲಸಕ್ಕಾಗಿ ಘಟ್ಟ ಹತ್ತಿವೆ. ದಾವಣಗೆರೆ ಬಳಿಯ ಆನಗೋಡಿನಂತಹ ಹೆದ್ದಾರಿ ಬದಿಯ ಊರಿನಲ್ಲಿ ನೆಲೆಸಿದವರಿಗೆ ಬಲಿಪೂಜೆಗೆ ದೂರ ಹೋಗಬೇಕಾಗಬಹುದು. ವರ್ಷಕ್ಕೊಮ್ಮೆ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಹೋಗಿ ಬಂದರೆ ಸಾಕು ಎಂದು ಸಮಾಧಾನ ಪಟ್ಟುಕೊಳ್ಳುವುದು ಸುಲಭ. ಇತ್ತ ಊರಲ್ಲಿ ಉಳಿದ ವೃದ್ಧ ತಂದೆತಾಯಿ ಫೋನ್ ಕರೆಗಾಗಿ ಕಾಯುತ್ತಾರೆ. ದೂರ ಎಂಬುದು ಎರಡೂ ಕಡೆ ನಮಗೆ ಒಳ್ಳೆಯ ನೆಪ. ಗೋವಾದಿಂದ ಜಾಫ್ನಾಕ್ಕೆ ಹೋದ ಆ ಗುರುವಿಗೂ ದೂರವಿತ್ತು.

ಆದುದರಿಂದ ಪ್ರಿಯರೇ, ಈ ವಾರ ನಾವು ಒಂದು ಕೆಲಸ ಮಾಡೋಣ. ಬಹಳ ದಿನಗಳಿಂದ ಮುಂದೂಡಿದ ಒಂದು ಪಾಪನಿವೇದನೆ, ಮಾತು ಬಿಟ್ಟ ಒಬ್ಬ ಸೋದರನ ಮನೆ, ಹಾಸಿಗೆ ಹಿಡಿದ ಒಬ್ಬ ನೆರೆಯವರು. ಇವುಗಳಲ್ಲಿ ಒಂದನ್ನಾದರೂ ಇಂದೇ ಪೂರೈಸೋಣ. ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.