ಜಮಶೆಟ್‌ಜಿ ತಾತಾ ಅವರ ವಿದ್ಯಾನಿಧಿ

ಅನ್ನದಾನ ವಿದ್ಯಾದಾನಗಳೆರಡೂ ಕನ್ನಡ ನಾಡಿನ ಮಠಮಾನ್ಯಗಳಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ಕಾರ್ಯಗಳು. ಮಠದಲ್ಲಿ ಉಂಡು ಶಾಲೆಗೆ ಹೋದ ಬಾಲಕನ ಏಳಿಗೆ ಎಂತಹುದೆಂಬುದನ್ನು ಈ ಗ್ರಂಥದ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಆ ಬಾಲಕನೇ ಬೆಳೆದು ವಿಶ್ವವಿದ್ಯಾಲಯದ ಬಾಗಿಲಿಗೆ ಬಂದು, ರಸಾಯನ, ವೈದ್ಯ, ಯಂತ್ರಶಾಸ್ತ್ರ ಮೊದಲಾದ ಬಹುವೆಚ್ಚದ ವಿದ್ಯೆಗಳನ್ನು ಕಲಿಯುವೆನೆಂದು ನಿಂತಾಗ ಅವನಿಗೆ ಒದಗುವವರು ಯಾರು? ಹಿಡಿ ಅಕ್ಕಿಯಿಂದಾಗಲಿ ಒಂದು ಜೊತೆ ಬಟ್ಟೆಯಿಂದಾಗಲಿ ತೀರುವ ಕೊರತೆಯಲ್ಲ ಅದು. ಈ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಮ್ಮದೆಂದು ಕೈಗೆತ್ತಿಕೊಂಡ ಭಾರತೀಯರಲ್ಲಿ ಮುಂಬಯಿಯ ಜಮಶೆಟ್‌ಜಿ ನಸರವಾನ್‌ಜಿ ತಾತಾ ಅವರು ಅಗ್ರಗಣ್ಯರು.

ಇವರು 1839ನೆಯ ಮಾರ್ಚ್ 3ರಂದು ಗುಜರಾತದ ನವಸಾರಿಯಲ್ಲಿ ಪಾರಸಿ ಪುರೋಹಿತರ ಮನೆತನದಲ್ಲಿ ಜನಿಸಿದರು. ಪೌರೋಹಿತ್ಯವನ್ನೇ ನಂಬಿದ್ದ ಆ ವಂಶದಲ್ಲಿ ಮೊದಲು ವ್ಯಾಪಾರಕ್ಕೆ ಕೈಹಾಕಿದವರು ತಂದೆ ನಸರವಾನ್‌ಜಿಯವರು. ಜಮಶೆಟ್‌ಜಿಯವರು ಬಾಲ್ಯದಲ್ಲಿಯೇ ಮುಂಬಯಿಗೆ ಬಂದು, ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಓದಿ, 1858ರಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿದರು. ಆಮೇಲೆ ತಂದೆಯ ವ್ಯವಹಾರದ ಸಲುವಾಗಿ ಹಾಂಗ್‌ಕಾಂಗಿಗೂ ಇಂಗ್ಲೆಂಡಿಗೂ ಹೋಗಿಬಂದು, 1877ನೆಯ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಗಿರಣಿಯನ್ನು ಆರಂಭಿಸಿದರು. ಅವರ ಗಿರಣಿ ವ್ಯಾಪಾರಗಳ ವೃತ್ತಾಂತವು ಸಾಕಷ್ಟು ಪ್ರಸಿದ್ಧವಾಗಿದೆ. ಇಲ್ಲಿ ಅದನ್ನು ವಿಸ್ತರಿಸಬೇಕಾಗಿಲ್ಲ. ಗಳಿಸಿದ ಹಣವು ಯಾವ ದಾರಿಯನ್ನು ಹಿಡಿಯಿತೆಂಬುದೇ ಇಲ್ಲಿಯ ವಿಷಯ.

ಆ ಕಾಲದ ವಿದ್ಯಾರ್ಥಿಯ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ 1857ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಗಳು ಬಹುಕಾಲ ಪರೀಕ್ಷೆಗಳನ್ನು ನಡೆಯಿಸಿ ಪದವಿಗಳನ್ನು ಕೊಡುವ ಸಂಸ್ಥೆಗಳಾಗಿಯೇ ಇದ್ದವು. ಶಾಸ್ತ್ರವನ್ನು ಪುಸ್ತಕದಿಂದ ಓದಬಹುದಾಗಿತ್ತು. ಕೈಯಿಂದ ಮಾಡಿ ನೋಡುವ ಪ್ರಯೋಗಶಾಲೆಗಳು ವಿರಳ. ಹೆಚ್ಚಿನ ವ್ಯಾಸಂಗ ಬೇಕಾದವನು ಹಡಗನ್ನೇರಿ ವಿಲಾಯತಿಗೆ ಹೋಗಬೇಕು. ಇಂಡಿಯನ್ ಸಿವಿಲ್ ಸರ್ವೀಸಿನ ಪರೀಕ್ಷೆಯೂ 1922ರವರೆಗೆ ಲಂಡನ್ನಿನಲ್ಲಿಯೇ ನಡೆಯುತ್ತಿತ್ತು. ಪ್ರಯಾಣ, ಊಟ, ವಸತಿ, ಶುಲ್ಕ ಇವೆಲ್ಲ ಸೇರಿದರೆ ಸಾಮಾನ್ಯ ಗೃಹಸ್ಥನು ಹೊಲಮನೆಗಳನ್ನು ಮಾರಿದರೂ ಮುಟ್ಟಲಾರದ ಮೊತ್ತ. ಆದುದರಿಂದ ಸಿರಿವಂತರ ಮಕ್ಕಳು ಹೋದರು. ಬುದ್ಧಿವಂತರ ಮಕ್ಕಳು ಉಳಿದರು.

1892ರಲ್ಲಿ ಜಮಶೆಟ್‌ಜಿಯವರು ಉನ್ನತ ವಿದ್ಯಾಭ್ಯಾಸಕ್ಕಾಗಿ ಒಂದು ದತ್ತಿಯನ್ನು ಏರ್ಪಡಿಸಿದುದು ಈ ಅನ್ಯಾಯವನ್ನು ಕಂಡೇ. ಜೆ. ಎನ್. ತಾತಾ ದತ್ತಿಯೆಂದು ಅದು ಇಂದಿಗೂ ನಡೆದುಬರುತ್ತಿದೆ. ಮೊದಲಲ್ಲಿ ಅದು ಪಾರಸಿ ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾಗಿದ್ದಿತು. ಆದರೆ ಎರಡೇ ವರ್ಷಗಳಲ್ಲಿ, ಎಂದರೆ 1894ರಲ್ಲಿ, ಆ ಬೇಲಿಯನ್ನು ಕಿತ್ತು ಸಕಲ ಜಾತಿಮತಗಳ ಭಾರತೀಯರಿಗೂ ಅದನ್ನು ತೆರೆದರು. ಸ್ವಜನರ ಮೇಲಿನ ಅಭಿಮಾನವು ದೋಷವೇನೂ ಅಲ್ಲ. ಅಲ್ಲಿಂದಲೇ ಅನೇಕ ಒಳ್ಳೆಯ ಕಾರ್ಯಗಳು ಮೊದಲಾಗುವುವು. ಅಲ್ಲಿಯೇ ನಿಲ್ಲದೆ ಮುಂದುವರಿಯುವವರು ಮಾತ್ರ ಕಡಮೆ. ನಿಧಿಯಿಂದ ಸಹಾಯ ಪಡೆದ ಮೊದಲಿನವರಲ್ಲಿ ಫ್ರೇನಿ ಕಾಮಾ ಎಂಬ ಪ್ರಸೂತಿ ವೈದ್ಯೆಯೊಬ್ಬರಿದ್ದುದು ಗಮನಾರ್ಹವಾಗಿದೆ. ಹೆಣ್ಣುಮಕ್ಕಳನ್ನು ಊರ ಶಾಲೆಗೆ ಕಳುಹಿಸಲಿಕ್ಕೂ ಜನರು ಹಿಂದೆಮುಂದೆ ನೋಡುತ್ತಿದ್ದ ದಿನಗಳು ಅವು.

ಈ ದತ್ತಿಯ ವಿಶೇಷವು ಹಣದ ಮೊತ್ತದಲ್ಲಿರಲಿಲ್ಲ, ಹಣವನ್ನು ಕೊಡುವ ರೀತಿಯಲ್ಲಿದ್ದಿತು. ಜಮಶೆಟ್‌ಜಿಯವರು ವಿದ್ಯಾರ್ಥಿಗೆ ಹಣವನ್ನು ದಾನವಾಗಿ ಕೊಡಲಿಲ್ಲ, ಸಾಲವಾಗಿ ಕೊಟ್ಟರು. ಯೋಗ್ಯತೆಯನ್ನು ಪರೀಕ್ಷಿಸಿ ಆರಿಸುವುದು. ಆರಿಸಿದವನ ವ್ಯಾಸಂಗಕ್ಕೆ ಹಣವನ್ನು ಒದಗಿಸುವುದು. ಅವನು ಓದಿ ಬಂದು ಸಂಪಾದಿಸತೊಡಗಿದ ಮೇಲೆ ಅದನ್ನು ತೀರಿಸುವುದು. ಹೊರಗಿನಿಂದ ನೋಡುವವರಿಗೆ ಇದು ವ್ಯಾಪಾರಿಯ ಲೆಕ್ಕಾಚಾರವೆಂದು ತೋರಬಹುದು. ಲಕ್ಷಾಂತರ ಗಳಿಸಿದವರು ಬಡ ವಿದ್ಯಾರ್ಥಿಯಿಂದ ಹಣವನ್ನು ಹಿಂದಕ್ಕೆ ಪಡೆಯಬೇಕೇ ಎಂಬ ಸಂದೇಹವು ಸಹಜವಾದುದೇ. ಆದರೆ ಹಿಂದಿರುಗಿದ ಹಣವು ದಾತನ ತಿಜೋರಿಗೆ ಹೋಗದೆ, ಬಾಗಿಲಲ್ಲಿ ಕಾದಿರುವ ಮತ್ತೊಬ್ಬ ವಿದ್ಯಾರ್ಥಿಯ ಕೈಗೆ ಹೋಗುತ್ತಿದ್ದಿತೆಂಬುದನ್ನು ತಿಳಿದಾಗ ಆ ಸಂದೇಹವು ನಿಲ್ಲಲಾರದು. ಪಡೆದವನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿರಲಿಲ್ಲ. ತನ್ನ ದುಡಿಮೆಯಿಂದಲೇ ತೀರಿಸುವ ಋಣವಾಗಿದ್ದಿತು ಅದು. ಅಲ್ಲದೆ ಒಬ್ಬನು ಓದಿದುದು ಇನ್ನೊಬ್ಬನ ಓದಿಗೆ ಕಾರಣವಾಗುತ್ತಿದ್ದಿತು.

ಫಲವು ಬೇಗನೆ ಕಾಣಿಸಿತು. 1924ರ ಹೊತ್ತಿಗೆ ಸಿವಿಲ್ ಸರ್ವೀಸಿಗೆ ಸೇರಿದ ಭಾರತೀಯರಲ್ಲಿ ಐವರಿಗೆ ಇಬ್ಬರು ತಾತಾ ವಿದ್ಯಾರ್ಥಿಗಳಾಗಿದ್ದರೆಂದು ಎಣಿಕೆಯಿದೆ. ವೈದ್ಯರು, ಯಂತ್ರಶಾಸ್ತ್ರಜ್ಞರು, ವಿಜ್ಞಾನಿಗಳು ಮುಂದೆಯೂ ಈ ನಿಧಿಯಿಂದ ಹೊರಬಂದರು. ತುಮಕೂರು ಸೀಮೆಯಲ್ಲಿ 1925ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಭೌತಶಾಸ್ತ್ರವನ್ನು ವ್ಯಾಸಂಗಮಾಡಿ, ಭಾರತದ ಅಣುಶಕ್ತಿ ಸಂಶೋಧನೆಯ ಧುರೀಣರಾದ ರಾಜಾ ರಾಮಣ್ಣ ಅವರೂ ತಾತಾ ವಿದ್ಯಾರ್ಥಿಯೇ.

ಇಷ್ಟಾದರೂ ಒಬ್ಬೊಬ್ಬರನ್ನೇ ಆರಿಸಿ ಕಡಲಾಚೆಗೆ ಕಳುಹಿಸುವುದರಿಂದ ದೇಶದ ಅಜ್ಞಾನವು ಎಂದಿಗೆ ತೀರೀತು? ವಿದ್ಯಾರ್ಥಿಯು ವಿದ್ಯೆಯನ್ನು ಅರಸಿ ಹೋಗುವುದರ ಬದಲು ವಿದ್ಯೆಯೇ ಇಲ್ಲಿಗೆ ಬರಬೇಡವೇ? ಈ ಯೋಚನೆಯಿಂದ ಜಮಶೆಟ್‌ಜಿಯವರು 1898ರಲ್ಲಿ ವಿಜ್ಞಾನ ಸಂಶೋಧನೆಗಾಗಿ ಒಂದು ಮಹಾವಿದ್ಯಾಪೀಠವನ್ನು ಕಟ್ಟಲು 30 ಲಕ್ಷ ರೂಪಾಯಿಗಳ ಆಸ್ತಿಯನ್ನು ಮುಡಿಪಿಡುವುದಾಗಿ ಪ್ರಕಟಿಸಿದರು. ಅದೇ ವರ್ಷದ ನವೆಂಬರ್ 23ರಂದು ಅವರು ಸ್ವಾಮಿ ವಿವೇಕಾನಂದರಿಗೆ ಒಂದು ಪತ್ರವನ್ನು ಬರೆದರು. ಐದು ವರ್ಷಗಳ ಹಿಂದೆ, 1893ರಲ್ಲಿ, ಜಪಾನಿನಿಂದ ಅಮೆರಿಕ ಖಂಡಕ್ಕೆ ಹೋಗುವ ಹಡಗಿನಲ್ಲಿ ಈರ್ವರೂ ಜೊತೆಯಾಗಿದ್ದರು. ಭಾರತದಲ್ಲಿ ಮತ್ತೆ ಮೊಳೆಯುತ್ತಿರುವ ವೈರಾಗ್ಯಭಾವವನ್ನು ಕೆಡಿಸದೆ ವಿಜ್ಞಾನದ ಸಾಧನೆಯ ಕಡೆಗೆ ತಿರುಗಿಸಬೇಕೆಂದೂ, ಅಂತಹ ಸಾಧಕರಿಗೆ ಮಠಗಳಂತಹ ವಾಸಸ್ಥಾನಗಳಿರಬೇಕೆಂದೂ ಅವರು ಆ ಪತ್ರದಲ್ಲಿ ಸೂಚಿಸಿದ್ದರು. ಗಿರಣಿಗಳ ಒಡೆಯನೊಬ್ಬನು ಪ್ರಯೋಗಶಾಲೆಯನ್ನು ತಪೋವನವಾಗಿ ಕಂಡುದು ಸಾಮಾನ್ಯವಲ್ಲ.

ಆ ವರ್ಷಗಳು ಮುಂಬಯಿಗೆ ಕ್ರೂರವಾಗಿದ್ದವು. 1896ರಲ್ಲಿ ಕಾಲಿಟ್ಟ ಪ್ಲೇಗು ಇನ್ನೂ ಹೋಗಿರಲಿಲ್ಲ. 1899ರಿಂದ ಕ್ಷಾಮವೂ ಬಂದಿತು. ಜನರು ಸಾಯುತ್ತಿರುವಾಗ ಸಂಶೋಧನೆಗೆ ಲಕ್ಷಗಳೇಕೆ ಎಂದು ಯಾರಾದರೂ ಕೇಳಿದ್ದರೆ ಅದು ಕಟುವಾದರೂ ಅಯುಕ್ತವಾಗುತ್ತಿರಲಿಲ್ಲ. ರೋಗದ ಮೂಲವನ್ನರಿಯುವುದೂ ನೆಲದ ಬೆಳೆಯನ್ನು ಹೆಚ್ಚಿಸುವುದೂ ಶಾಸ್ತ್ರಜ್ಞರಿಂದಲೇ ಆಗಬೇಕಾದ ಕೆಲಸಗಳೆಂಬುದು ಅದಕ್ಕೆ ಸಲ್ಲುವ ಉತ್ತರ.

ಅಡ್ಡಿಯು ಬಂದುದು ಬೇರೆ ಕಡೆಯಿಂದ. 1898ನೆಯ ಡಿಸೆಂಬರ್ 31ರಂದು, ಹೊಸ ವೈಸರಾಯ್ ಲಾರ್ಡ್ ಕರ್ಜನ್ನರು ಮುಂಬಯಿಯಲ್ಲಿ ಬಂದಿಳಿದ ಮರುದಿನವೇ, ಯೋಜನೆಯನ್ನು ಅವರ ಮುಂದಿಡಲಾಯಿತು. ಇಂತಹ ವ್ಯಾಸಂಗಕ್ಕೆ ತಕ್ಕ ವಿದ್ಯಾರ್ಥಿಗಳು ಸಿಕ್ಕುವರೇ, ಸಿಕ್ಕಿ ಕಲಿತರೂ ಅವರಿಗೆ ಉದ್ಯೋಗವುಂಟೇ ಎಂದು ಅವರು ಶಂಕಿಸಿದರು. ಪ್ರಸಿದ್ಧ ರಸಾಯನಶಾಸ್ತ್ರಜ್ಞ ವಿಲಿಯಂ ರ‍್ಯಾಮ್ಸೆಯವರು ಬಂದು ದೇಶವನ್ನು ಸುತ್ತಿ, ಬೆಂಗಳೂರೇ ತಕ್ಕ ಸ್ಥಳವೆಂದು ಅಭಿಪ್ರಾಯವಿತ್ತರು. ಅಷ್ಟಕ್ಕೂ ತೃಪ್ತಿಯಾಗದೆ ಸರಕಾರವು ಮ್ಯಾಸನ್, ಕ್ಲಿಬರ್ನ್ ಎಂಬಿಬ್ಬರಿಂದ ಮತ್ತೊಂದು ವಿಚಾರಣೆಯನ್ನು ಮಾಡಿಸಿತು. ಮೈಸೂರು ಸಂಸ್ಥಾನವು ಮಾತ್ರ ಉದಾರವಾಗಿ ಮುಂದೆ ಬಂದು, 371 ಎಕರೆ ನೆಲವನ್ನೂ ಕಟ್ಟಡಕ್ಕೆಂದು 5 ಲಕ್ಷ ರೂಪಾಯಿಗಳನ್ನೂ ವರ್ಷಾಶನವನ್ನೂ ಕೊಟ್ಟಿತು. ಕಾಗದಗಳು ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವಂತೆಯೇ ವರ್ಷಗಳು ಕಳೆದವು.

ಜಮಶೆಟ್‌ಜಿಯವರು 1904ನೆಯ ಮೇ 19ರಂದು ಜರ್ಮನಿಯ ಬಾಡ್ ನೌಹೈಮಿನಲ್ಲಿ ದಿವಂಗತರಾದರು. ವಿದ್ಯಾಪೀಠದ ಒಂದು ಕಲ್ಲನ್ನೂ ಅವರು ಕಾಣಲಿಲ್ಲ. ಮುಡಿಪಿಟ್ಟ ಆಸ್ತಿಯನ್ನು ಉಳಿಸಿಕೊಳ್ಳುವುದು ಮಕ್ಕಳಿಗೆ ಕಷ್ಟವಾಗಿರಲಿಲ್ಲ. ಆದರೂ ದೊರಾಬ್‌ಜಿ, ರತನ್‌ಜಿ ಸಹೋದರರು ತಂದೆಯ ಮಾತನ್ನು ತಮ್ಮ ಮಾತೆಂದು ನಡೆಸಿದರು. 1909ರ ಮೇ ತಿಂಗಳಲ್ಲಿ ಸರಕಾರದ ಆಜ್ಞೆಯು ಹೊರಟಿತು. 1911ರಲ್ಲಿ ಮಹಾರಾಜ ಕೃಷ್ಣರಾಜ ಒಡೆಯರು ಅಸ್ತಿಭಾರವನ್ನಿಟ್ಟರು. ಅದೇ ವರ್ಷ ರಸಾಯನಶಾಸ್ತ್ರ, ವಿದ್ಯುಚ್ಛಾಸ್ತ್ರ ವಿಭಾಗಗಳಿಗೆ ಮೊದಲ ವಿದ್ಯಾರ್ಥಿಗಳು ಬಂದು ಸೇರಿದರು.

ಸಂಸ್ಥೆಗೆ ತಮ್ಮ ಹೆಸರನ್ನಿಡುವುದು ಜಮಶೆಟ್‌ಜಿಯವರಿಗೆ ಬೇಕಾಗಿರಲಿಲ್ಲ. ಆದುದರಿಂದ ಅದಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯೆಂದೇ ನಾಮಕರಣವಾಯಿತು. ಆದರೆ ಬೆಂಗಳೂರಿನ ಜನರು ಅದನ್ನು ಲೆಕ್ಕಿಸದೆ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದಿರುವರು.