ರೂಪಾ ಬಾಯಿ ಫರ್ದೂನ್‌ಜಿ

ರೂಪಾ ಬಾಯಿ ಫರ್ದೂನ್‌ಜಿ ಹೈದರಾಬಾದ್ ಸಂಸ್ಥಾನದ ಹೆಸರಾಂತ ವೈದ್ಯೆ. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯೆಂದು ಅವರನ್ನು ಗುರುತಿಸಲಾಗುತ್ತದೆ. ಇಂದು ಕಲಬುರಗಿ ಜಿಲ್ಲೆಯಲ್ಲಿರುವ ಆಳಂದ, ಅಫಜಲಪುರ ಮತ್ತು ಜೇವರ್ಗಿ ಪ್ರದೇಶಗಳು ಆಗ ಇದೇ ಸಂಸ್ಥಾನಕ್ಕೆ ಸೇರಿದ್ದವು.

ಶಿಕ್ಷಣ

ಪಾರ್ಸಿ ಸಮುದಾಯದವರಾದ ರೂಪಾ ಬಾಯಿ, 1885ರಲ್ಲಿ ಹೈದರಾಬಾದ್ ವೈದ್ಯಕೀಯ ಶಾಲೆಯನ್ನು ಸೇರಿದ ಐವರು ವಿದ್ಯಾರ್ಥಿನಿಯರಲ್ಲಿ ಒಬ್ಬರು. 1889ರಲ್ಲಿ ಅವರು ಹಕೀಮ್ ಪದವಿಯನ್ನು ಪಡೆದರು. ಶಾಲೆಯ ಮುಖ್ಯಸ್ಥರಾಗಿದ್ದ ಶಸ್ತ್ರವೈದ್ಯ ಎಡ್ವರ್ಡ್ ಲಾರಿ ಅವರಿಂದ ಕ್ಲೋರೋಫಾರ್ಮ್ ನೀಡುವ ವಿಧಾನವನ್ನು ಕಲಿತರು.

ಕ್ಲೋರೋಫಾರ್ಮ್ ಆಯೋಗ

ಸ್ನಾಯುಗಳನ್ನು ಸಡಿಲಿಸುವ ಪ್ರತ್ಯೇಕ ಔಷಧಗಳು ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಬಳಕೆಗೆ ಬಂದಿರಲಿಲ್ಲ. ಹೊಟ್ಟೆಯ ಬಿಗಿದ ಸ್ನಾಯುಗಳು ಸಡಿಲಗೊಳ್ಳಬೇಕಾದರೆ ರೋಗಿಗೆ ಕ್ಲೋರೋಫಾರ್ಮನ್ನೇ ಹೆಚ್ಚು ನೀಡಬೇಕಾಗುತ್ತಿತ್ತು. ಪ್ರಮಾಣ ಮೀರಿದರೆ ಪ್ರಾಣಕ್ಕೇ ಅಪಾಯವಿತ್ತು. ಈ ಸಾವುಗಳಿಗೆ ಕಾರಣ ಉಸಿರು ನಿಲ್ಲುವುದೋ ಹೃದಯ ನಿಲ್ಲುವುದೋ ಎಂಬ ವಿವಾದವನ್ನು ಬಗೆಹರಿಸಲು 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗಗಳು ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದವು. ನಿಜಾಮ ಮಹಬೂಬ್ ಅಲಿ ಖಾನ್ ಅವರು ಧನಸಹಾಯ ನೀಡಿದರು. ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದು ಎರಡನೆಯ ಆಯೋಗದಲ್ಲಿ ಪಾಲ್ಗೊಂಡರು. ರೂಪಾ ಬಾಯಿ ಆಯೋಗದ ಕಾರ್ಯಕ್ಕೆ ನೆರವಾದರು.

ಉಸಿರು ಮೊದಲು ನಿಲ್ಲುತ್ತದೆ, ಆದ್ದರಿಂದ ಅರಿವಳಿಕೆ ನೀಡುವವರು ನಾಡಿಗಿಂತ ಉಸಿರಾಟವನ್ನೇ ಗಮನಿಸಬೇಕು ಎಂಬುದು ಆಯೋಗದ ತೀರ್ಮಾನವಾಗಿತ್ತು. ಈ ತೀರ್ಮಾನ ಪೂರ್ಣ ಸತ್ಯವಾಗಿರಲಿಲ್ಲ. ಕ್ಲೋರೋಫಾರ್ಮ್ ಹೃದಯವನ್ನು ಹಠಾತ್ತನೆ ನಿಲ್ಲಿಸಬಲ್ಲದೆಂದು 1911ರಲ್ಲಿ ಎ. ಜಿ. ಲೆವಿ ತೋರಿಸಿಕೊಟ್ಟರು. ಆದರೂ ಉಸಿರಾಟದ ಮೇಲೆ ಎಡೆಬಿಡದೆ ಕಣ್ಣಿಡಬೇಕೆಂಬ ಪಾಠ ಉಳಿದುಕೊಂಡಿತು.

ವೃತ್ತಿಜೀವನ

ರೂಪಾ ಬಾಯಿ ಹೈದರಾಬಾದಿನ ಆಸ್ಪತ್ರೆಗಳಲ್ಲಿ ದೀರ್ಘಕಾಲ ಅರಿವಳಿಕೆ ನೀಡಿದರು. 1909ರಲ್ಲಿ ಎಡಿನ್‌ಬರೋಗೆ ತೆರಳಿ ಭೌತಶಾಸ್ತ್ರ ಹಾಗೂ ರಸಾಯನಶಾಸ್ತ್ರಗಳನ್ನು ಅಧ್ಯಯನ ಮಾಡಿದರು. 1920ರಲ್ಲಿ ಚಾದರ್‌ಘಾಟ್ ಆಸ್ಪತ್ರೆಯ ಮೇಲ್ವಿಚಾರಕಿಯಾಗಿ ನಿವೃತ್ತರಾದರು.

ನಂತರದ ಬೆಳವಣಿಗೆ

1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್, ದಕ್ಷಿಣ ಅಮೆರಿಕದ ಬಾಣವಿಷವಾದ ಕ್ಯುರಾರೆಯಿಂದ ತಯಾರಿಸಿದ ಔಷಧವನ್ನು ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದರು. ಇದು ನರದಿಂದ ಸ್ನಾಯುವಿಗೆ ಸಾಗುವ ಸಂಜ್ಞೆಯನ್ನು ತಡೆಯುತ್ತದೆ. ಹೀಗಾಗಿ ಹಗುರವಾದ ಅರಿವಳಿಕೆಯಲ್ಲಿಯೇ ಸ್ನಾಯುಗಳನ್ನು ಸಡಿಲಿಸುವುದು ಸಾಧ್ಯವಾಯಿತು. ಆದರೆ ಇಂಥ ಔಷಧಗಳು ನೋವನ್ನು ನೀಗುವುದಿಲ್ಲ, ಪ್ರಜ್ಞೆಯನ್ನೂ ತಪ್ಪಿಸುವುದಿಲ್ಲ. ಉಸಿರಾಟದ ಸ್ನಾಯುಗಳನ್ನೂ ನಿಶ್ಚಲಗೊಳಿಸುತ್ತವೆ. ರೂಪಾ ಬಾಯಿಯವರ ಕಾಲದಲ್ಲಿ ರೋಗಿಯ ಉಸಿರನ್ನು ಕಾಯುತ್ತಿದ್ದ ಅರಿವಳಿಕೆ ತಜ್ಞರು, ಈಗ ಸ್ವತಃ ರೋಗಿಗೆ ಉಸಿರನ್ನು ಒದಗಿಸುವ ಹೊಣೆಯನ್ನು ಹೊತ್ತಿದ್ದಾರೆ.