ಚಂದ್ರನ ದಾರಿಗೆ ಬುನಾದಿ ಹಾಕಿದ ಸತೀಶ್ ಧವನ್

ರೋಜಾ ಹಿಡಿಯುವುದಕ್ಕೂ ಈದ್ ಆಚರಿಸುವುದಕ್ಕೂ ನಾವು ಕಾದು ನೋಡುವ ಚಂದ್ರ ಈಗ ವ್ಯಾಪಾರದ ಮಾತಿಗೂ ಬಂದಿದ್ದಾನೆ. ಅಮೆರಿಕದ ಖಾಸಗಿ ಕಂಪನಿಗಳು ನಾಸಾದಿಂದ ಬಾಡಿಗೆ ಪಡೆದು, ಲಾರಿಯಲ್ಲಿ ಸರಕು ಸಾಗಿಸುವ ಹಾಗೆ, ಉಪಕರಣಗಳನ್ನು ಚಂದ್ರನ ಮೇಲೆ ಇಳಿಸಲು ಶುರು ಮಾಡಿವೆ. 2024ರ ಫೆಬ್ರವರಿಯಲ್ಲಿ ಒಂದು ಕಂಪನಿಯ ನೌಕೆ ಇಳಿದು ಪಕ್ಕಕ್ಕೆ ವಾಲಿಕೊಂಡಿತು. 2025ರ ಮಾರ್ಚಿನಲ್ಲಿ ಇನ್ನೊಂದು ಕಂಪನಿಯ ನೌಕೆ ನೆಟ್ಟಗೆ ನಿಂತು ಕೆಲಸ ಮಾಡಿತು. ನಮ್ಮ ದೇಶವೂ 2040ರ ಹೊತ್ತಿಗೆ ಚಂದ್ರನ ಮೇಲೆ ಮನುಷ್ಯನನ್ನು ಇಳಿಸುವ ಗುರಿ ಇಟ್ಟುಕೊಂಡಿದೆ.

ಹೋಗಿ ಇಳಿಯುವುದು ಒಂದು ಕೆಲಸ, ಅಲ್ಲೇ ಉಳಿಯುವುದು ಬೇರೆಯೇ ಕೆಲಸ. 2023ರ ಆಗಸ್ಟ್ 23ರಂದು ಇಳಿದ ನಮ್ಮ ವಿಕ್ರಮ್ ಲ್ಯಾಂಡರ್ ಹತ್ತಿರ ಹತ್ತಿರ ಎರಡು ವಾರ ಚೆನ್ನಾಗಿ ದುಡಿಯಿತು. ಆಮೇಲೆ ಚಂದ್ರನ ರಾತ್ರಿ ಬಂತು. ಅಲ್ಲಿಯ ಒಂದು ರಾತ್ರಿ ನಮ್ಮ ಹದಿನಾಲ್ಕು ದಿನಗಳಷ್ಟು ಉದ್ದ, ಚಳಿ ಮೈನಸ್ 100 ಡಿಗ್ರಿಗಿಂತಲೂ ಎಷ್ಟೋ ಕೆಳಗೆ. ಆ ರಾತ್ರಿ ಮಲಗಿದ ವಿಕ್ರಮ್ ಮತ್ತೆ ಏಳಲಿಲ್ಲ. ಅಲ್ಲಿ ನೆಲೆ ನಿಲ್ಲಬೇಕಾದರೆ ರಾತ್ರಿಯಿಡೀ ಕರೆಂಟ್ ಬೇಕು, ಭೂಮಿಯ ಜೊತೆ ತಪ್ಪದ ಸಂಪರ್ಕ ಬೇಕು, ಮತ್ತೆ ಮತ್ತೆ ಸಾಮಾನು ಕಳಿಸುವ ರಾಕೆಟ್ ಬೇಕು, ಅದನ್ನು ತಯಾರಿಸುವ ಕಾರ್ಖಾನೆ ಬೇಕು, ಹಣ ಕೊಡುವ ಗಿರಾಕಿಯೂ ಬೇಕು. ನಮ್ಮ ವಾಣಿಜ್ಯದ ಪಾಠದಲ್ಲಿ ಇವನ್ನೆಲ್ಲ ಸೇರಿಸಿ ಮೂಲಸೌಕರ್ಯ ಎನ್ನುತ್ತಾರೆ. ಭಾರತದ ಬಾಹ್ಯಾಕಾಶ ಕೆಲಸಕ್ಕೆ ಇಂಥ ಮೂಲಸೌಕರ್ಯವನ್ನು ನಮ್ಮ ಕರ್ನಾಟಕದಲ್ಲೇ ಕೂತು ಕಟ್ಟಿದವರು ಪ್ರೊಫೆಸರ್ ಸತೀಶ್ ಧವನ್. ಅವರು ತೀರಿಕೊಂಡಾಗ ನಾವು ಯಾರೂ ಹುಟ್ಟಿರಲಿಲ್ಲ.

ಧವನ್ ಅವರು 1920ರ ಸೆಪ್ಟೆಂಬರ್ 25ರಂದು ಕಾಶ್ಮೀರದ ಶ್ರೀನಗರದಲ್ಲಿ ಜನಿಸಿದರು. ಓದಿದ್ದು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ. ಮೊದಲು ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಆಮೇಲೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದಾದ ಮೇಲೆ ಮೆಕ್ಯಾನಿಕಲ್ ಇಂಜಿನಿಯರಿಂಗ್! ಆರ್ಟ್ಸ್, ಸೈನ್ಸ್ ಎಂದು ಗೋಡೆ ಕಟ್ಟಿಕೊಂಡಿರುವ ನಾವು ಇದನ್ನು ಗಮನಿಸಬೇಕು. ಓದು ಮುಗಿಸಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದರು. ನಂತರ ಅಮೆರಿಕಕ್ಕೆ ಹೋಗಿ ಮಿನ್ನೆಸೋಟದಲ್ಲಿ ಸ್ನಾತಕೋತ್ತರ ಪದವಿಯನ್ನೂ, ಕ್ಯಾಲ್ಟೆಕ್‌ನಲ್ಲಿ 1951ರಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ಅವರು ಲಾಹೋರಿನಲ್ಲಿ ಓದು ಮುಗಿಸಿದ ಎರಡೇ ವರ್ಷಕ್ಕೆ ದೇಶ ಇಬ್ಭಾಗವಾಗಿ, ಆ ಊರು ಗಡಿಯಾಚೆ ಉಳಿಯಿತು.

ಅದೇ 1951ರಲ್ಲಿ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಗೆ ಸೇರಿದರು. ಶಬ್ದಕ್ಕಿಂತ ವೇಗವಾಗಿ ಗಾಳಿ ಹರಿಸಿ ಪರೀಕ್ಷೆ ಮಾಡುವ ಗಾಳಿ ಸುರಂಗ ಆಗ ನಮ್ಮ ದೇಶದಲ್ಲಿ ಇರಲಿಲ್ಲ. ಧವನ್ ಅವರು ಒಂದು ಅಂಗುಲಕ್ಕೆ ಮೂರು ಅಂಗುಲದ ಪುಟ್ಟ ಸುರಂಗವನ್ನು ಸಂಸ್ಥೆಯಲ್ಲೇ ಮಾಡಿಸಿದರು. ಅಲ್ಲಿ ಕಲಿತ ಪಾಠವೇ ಮುಂದೆ ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯ ದೊಡ್ಡ ಗಾಳಿ ಸುರಂಗಕ್ಕೆ ದಾರಿಯಾಯಿತು. 1962ರಲ್ಲಿ, ಇನ್ನೂ 42 ತುಂಬುವ ವಯಸ್ಸಿನಲ್ಲಿ, ಅವರು ಸಂಸ್ಥೆಯ ನಿರ್ದೇಶಕರಾದರು. 1981ರವರೆಗೆ ಆ ಹುದ್ದೆಯಲ್ಲಿ ಇದ್ದರು.

1971ರ ಡಿಸೆಂಬರ್ 30ರಂದು ಇಸ್ರೋವನ್ನು ಹುಟ್ಟುಹಾಕಿದ ವಿಕ್ರಮ್ ಸಾರಾಭಾಯಿ ಹಠಾತ್ತನೆ ತೀರಿಕೊಂಡರು. ಧವನ್ ಅವರು ಆಗ ರಜೆಯ ಮೇಲೆ ಕ್ಯಾಲ್ಟೆಕ್‌ನಲ್ಲಿದ್ದರು. ಪ್ರಧಾನಿ ಇಂದಿರಾ ಗಾಂಧಿ ಅವರನ್ನು ಕರೆಸಿ ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ವಹಿಸಿಕೊಳ್ಳಲು ಕೇಳಿದರು. ಅವರು ಎರಡು ಷರತ್ತು ಹಾಕಿದರು. ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ಇರಬೇಕು, ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು. ಎರಡನ್ನೂ ಸರ್ಕಾರ ಒಪ್ಪಿತು. ಇಂದು ಬೆಂಗಳೂರು ದೇಶದ ಬಾಹ್ಯಾಕಾಶ ರಾಜಧಾನಿಯಾಗಿರುವುದರ ಹಿಂದೆ ಆ ಷರತ್ತೂ ಇದೆ.

1972ರಿಂದ 1984ರವರೆಗಿನ ಹನ್ನೆರಡು ವರ್ಷಗಳಲ್ಲಿ ಅವರು ಮಾಡಿದ ಕೆಲಸವನ್ನು ನಾನು ಮೂರು ಭಾಗ ಮಾಡಿ ಅರ್ಥ ಮಾಡಿಕೊಂಡಿದ್ದೇನೆ.

ಮೊದಲನೆಯದು ಜಾಗ ಮತ್ತು ಜನ. ರಾಕೆಟ್ ಕೆಲಸಕ್ಕೆ ತಿರುವನಂತಪುರ, ಉಪಗ್ರಹದ ಬಳಕೆಗೆ ಅಹಮದಾಬಾದ್, ಉಪಗ್ರಹ ಕಟ್ಟುವುದಕ್ಕೆ ಬೆಂಗಳೂರು, ಹಾರಿಸುವುದಕ್ಕೆ ಶ್ರೀಹರಿಕೋಟ ಎಂದು ಕೆಲಸ ಹಂಚಿ, ಪ್ರತಿಯೊಂದಕ್ಕೂ ತಕ್ಕವರನ್ನು ನೇಮಿಸಿದರು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲೇ ಆರ್ಯಭಟ ಉಪಗ್ರಹವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲಕ್ಕೆ ಒಯ್ದಿತು.

ಎರಡನೆಯದು ಕಾರ್ಖಾನೆ. ಎಲ್ಲವನ್ನೂ ಇಸ್ರೋ ಒಳಗೇ ಮಾಡಿಕೊಳ್ಳಲು ಹೋಗದೆ, ಬಿಡಿಭಾಗಗಳ ಕೆಲಸವನ್ನು ಅವರು ದೇಶದ ಕಾರ್ಖಾನೆಗಳಿಗೆ ಹಂಚಿದರು. ಇಸ್ರೋ ಕಂಡುಕೊಂಡ ತಂತ್ರಜ್ಞಾನ ಉದ್ಯಮಗಳ ಕೈಗೆ ಹೋಗುವಂತೆ ಮಾಡಿದರು. 1974ರಲ್ಲಿ ಫ್ರಾನ್ಸಿನ ಜೊತೆ ಒಂದು ಒಪ್ಪಂದವಾಯಿತು. ನಮ್ಮ ಇಂಜಿನಿಯರುಗಳು ಅಲ್ಲಿ ಹೋಗಿ ಅವರ ವೈಕಿಂಗ್ ಎಂಜಿನ್ ಕೆಲಸದಲ್ಲಿ ದುಡಿಯುವುದು, ಅದಕ್ಕೆ ಬದಲಾಗಿ ಆ ಎಂಜಿನ್ನಿನ ತಂತ್ರಜ್ಞಾನ ನಮಗೆ ಸಿಗುವುದು. ಹಣಕ್ಕೆ ಬದಲು ದುಡಿಮೆ ಕೊಟ್ಟು ವಿದ್ಯೆ ಪಡೆದ ವ್ಯಾಪಾರ ಇದು. ಅದರಿಂದ ಹುಟ್ಟಿದ್ದೇ ನಮ್ಮ ವಿಕಾಸ್ ಎಂಜಿನ್. ಈಗ ಅದನ್ನು ಗೋದ್ರೆಜ್, ಎಂಟಿಎಆರ್‌ನಂಥ ಖಾಸಗಿ ಕಂಪನಿಗಳು ತಯಾರಿಸಿ ಕೊಡುತ್ತವೆ. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತ ರಾಕೆಟ್ಟಿನ ನಡುಹಂತದಲ್ಲಿ ಉರಿದಿದ್ದು ಎರಡು ವಿಕಾಸ್ ಎಂಜಿನ್‌ಗಳು. ಒಪ್ಪಂದಕ್ಕೂ ಆ ಉಡಾವಣೆಗೂ ನಡುವೆ 49 ವರ್ಷ!

ಮೂರನೆಯದು ಗಿರಾಕಿ. ಉಪಗ್ರಹ ಹಾರಿಸಿದ ಮೇಲೆ ಅದನ್ನು ಬಳಸುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಿರಬೇಕಿತ್ತು. ಹಾಗಾಗಿ ಇನ್ಸಾಟ್ ಯೋಜನೆ ಇಸ್ರೋ ಒಂದರದ್ದೇ ಆಗಲಿಲ್ಲ. ದೂರಸಂಪರ್ಕ ಇಲಾಖೆ, ಹವಾಮಾನ ಇಲಾಖೆ, ಆಕಾಶವಾಣಿ, ದೂರದರ್ಶನ ಎಲ್ಲವೂ ಅದರಲ್ಲಿ ಪಾಲುದಾರರು. ಅದಕ್ಕೂ ಮೊದಲು 1975-76ರಲ್ಲಿ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ತೋರಿಸಿ ನೋಡಿದ್ದರು. ಆ ಆರರಲ್ಲಿ ಕರ್ನಾಟಕವೂ ಒಂದು.

ಈ ಕಥೆಯಲ್ಲಿ ನಮ್ಮ ಜಿಲ್ಲೆಯೂ ಬರುತ್ತದೆ. ಇನ್ಸಾಟ್ ಉಪಗ್ರಹಗಳನ್ನು ಹಗಲು ರಾತ್ರಿ ಕಾಯುವುದಕ್ಕೆ ಒಂದು ಕೇಂದ್ರ ಬೇಕಾಗಿತ್ತು. 1982ರಲ್ಲಿ ಅದು ಹಾಸನದ ಸಾಲಗಾಮೆ ರಸ್ತೆಯಲ್ಲಿ ಆರಂಭವಾಯಿತು. ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಎಂಬುದು ಅದರ ಹೆಸರು, ನಮ್ಮ ಕಡೆಯವರ ಬಾಯಲ್ಲಿ ಎಂಸಿಎಫ್. ಆ ವರ್ಷ ಹಾರಿದ ಇನ್ಸಾಟ್-1ಎ ತನ್ನ ಆಯುಷ್ಯ ಮುಗಿಸುವ ಮೊದಲೇ ಇಂಧನ ಖಾಲಿಯಾಗಿ ಕೈಕೊಟ್ಟಿತು. 1983ರ ಆಗಸ್ಟ್ 30ರಂದು ಹಾರಿದ ಇನ್ಸಾಟ್-1ಬಿಯ ಸೌರ ಫಲಕವೂ ಬಿಚ್ಚಿಕೊಳ್ಳದೆ ಸತಾಯಿಸಿತು. ದಿನಗಟ್ಟಲೆ ಪ್ರಯತ್ನಿಸಿ ಸೆಪ್ಟೆಂಬರಿನಲ್ಲಿ ಅದನ್ನು ಬಿಡಿಸಿದರು. ಆಮೇಲೆ ಅದು ವರ್ಷಗಟ್ಟಲೆ ದೇಶಕ್ಕೆ ಟಿ.ವಿ., ಟೆಲಿಫೋನ್, ಹವಾಮಾನದ ಚಿತ್ರ ಒದಗಿಸಿತು. ಹಾಸನದ ಆ ಕೇಂದ್ರದಲ್ಲಿ ಅಂದಿನಿಂದ ಇಂದಿನವರೆಗೆ ಪಾಳಿಯ ಮೇಲೆ ಕೆಲಸ ನಡೆಯುತ್ತಲೇ ಇದೆ. ಈದ್, ದೀಪಾವಳಿ ಎಂದು ಅದು ಬಾಗಿಲು ಹಾಕುವಂತಿಲ್ಲ. ಚಂದ್ರನ ಮೇಲೆ ನೆಲೆ ನಿಂತಾಗಲೂ ಬೇಕಾಗುವುದು ಇಂಥ ಪಾಳಿಯ ಕೆಲಸವೇ.

ಧವನ್ ಅವರ ಗುಣವನ್ನು ತೋರಿಸುವ ಒಂದು ಘಟನೆಯನ್ನು ಹೇಳಲೇಬೇಕು. 1979ರ ಆಗಸ್ಟ್ 10ರಂದು ನಮ್ಮದೇ ಮೊದಲ ಉಪಗ್ರಹ ರಾಕೆಟ್ ಎಸ್ಎಲ್‌ವಿ-3 ಹಾರಿ, ಕೆಲವೇ ನಿಮಿಷಗಳಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ನಮ್ಮೆಲ್ಲರ ಪ್ರೀತಿಯ ಎ.ಪಿ.ಜೆ. ಅಬ್ದುಲ್ ಕಲಾಂ. ಪತ್ರಕರ್ತರ ಎದುರು ಧವನ್ ಅವರೇ ಕೂತು ಸೋಲಿನ ಹೊಣೆ ಹೊತ್ತುಕೊಂಡರು, ತಮ್ಮ ತಂಡದ ಮೇಲೆ ಭರವಸೆ ಇದೆ ಎಂದು ತಿಳಿಸಿದರು. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಕರ್ತರ ಮುಂದೆ ಕಲಾಂ ಅವರನ್ನು ಕೂರಿಸಿದರು. ಕಲಾಂ ಅವರು ಕೊನೆಯವರೆಗೂ ಈ ಪಾಠವನ್ನು ನಮ್ಮಂಥ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ಕಟ್ಟಡ, ಯಂತ್ರ, ಹಣ ಎಲ್ಲ ಇದ್ದರೂ ಒಂದು ಸೋಲಿಗೆ ಜನರನ್ನು ಬಲಿ ಕೊಟ್ಟರೆ ಎರಡನೇ ಸಲ ಪ್ರಯತ್ನಿಸುವವರು ಯಾರು ಉಳಿಯುತ್ತಾರೆ?

ದೊಡ್ಡ ಹುದ್ದೆಗಳ ನಡುವೆಯೂ ಅವರು ಹಕ್ಕಿ ನೋಡುವ ಹವ್ಯಾಸ ಬಿಡಲಿಲ್ಲ. ಹಕ್ಕಿಗಳ ಹಾರಾಟದ ಬಗ್ಗೆ ಪುಸ್ತಕವನ್ನೇ ಬರೆದರು. 1981ರಲ್ಲಿ ಪದ್ಮವಿಭೂಷಣ ಬಂತು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷ ಶ್ರೀಹರಿಕೋಟದ ಕೇಂದ್ರಕ್ಕೆ ಅವರ ಹೆಸರಿಟ್ಟರು. ಚಂದ್ರಯಾನದ ಮೂರೂ ನೌಕೆಗಳು ಹಾರಿದ್ದು ಆ ಹೆಸರಿನ ನೆಲದಿಂದಲೇ.

ನಾನು ಕಾಮರ್ಸ್ ವಿದ್ಯಾರ್ಥಿನಿ. ಇಸ್ರೋ, ಚಂದ್ರ ಎಂದರೆ ಸೈನ್ಸ್‌ನವರ ಮಾತು, ನಮಗೇಕೆ ಎಂದು ನನ್ನ ಗೆಳತಿಯರು ಕೇಳುತ್ತಾರೆ. ಧವನ್ ಅವರ ಜೀವನ ಓದಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. ಚಂದ್ರನ ಮೇಲೆ ಒಂದು ಕಂಬ ನೆಡುವುದಕ್ಕೂ ಇಲ್ಲಿ ಲೆಕ್ಕ ಇಡುವವರು, ಕರಾರು ಬರೆಯುವವರು, ವಿಮೆ ನೋಡುವವರು, ಲೇಥ್ ಮೇಲೆ ಬಿಡಿಭಾಗ ಕಡೆಯುವ ಐಟಿಐ ಹುಡುಗರು, ವೆಲ್ಡರುಗಳು, ರಾತ್ರಿ ಪಾಳಿಯ ಆಪರೇಟರುಗಳು ಎಲ್ಲರೂ ಬೇಕು. ಪಿಯುಸಿ ಮುಗಿದ ಮೇಲೆ ಮುಂದೇನು ಎಂದು ಮನೆಯಲ್ಲಿ ಅಬ್ಬಾ, ಅಮ್ಮಿ ಕೇಳುವ ದಿನ ಹತ್ತಿರ ಬರುತ್ತಿದೆ. ಓದು ನಿಲ್ಲಿಸುವ ಮಾತು ಬಂದರೆ, ಒಂದು ಗಂಟೆಯ ಬಸ್ ದಾರಿಯಲ್ಲಿರುವ ಹಾಸನದ ಆ ದೊಡ್ಡ ಆಂಟೆನಾಗಳನ್ನು ಅವರಿಗೆ ತೋರಿಸಿ. ಹೊಸ ಕೆಲಸಗಳು ಬರುವ ಹೊತ್ತಿಗೆ ನಾವು ಓದು ಮುಗಿಸಿ ತಯಾರಾಗಿರಬೇಕು, ಇನ್ಶಾ ಅಲ್ಲಾಹ್.